ಅಡಿಗೆಯ ಮನೆಯ ರೂಢಿಯೂ ಅದರ ಚರಿತ್ರೆಯೂ

ರಾಜರ ವಂಶಾವಳಿಯನ್ನೂ ಯುದ್ಧಗಳ ಕಾಲವನ್ನೂ ನಿರ್ಣಯಿಸುವುದೇ ಚರಿತ್ರೆಯೆಂಬ ಭಾವನೆಯು ವಿದ್ಯಾವಂತರಲ್ಲಿ ಬಹುಕಾಲದಿಂದ ನೆಲೆಸಿದೆ. ಆದರೆ ರಾಜ್ಯಗಳು ಹುಟ್ಟಿ ಅಳಿದ ಸಾವಿರ ವರ್ಷಗಳಲ್ಲಿ ಒಂದು ದಿನವೂ ಬಿಡುವಿಲ್ಲದೆ ನಡೆದುಬಂದ ಕಾರ್ಯವೊಂದುಂಟು, ಅದು ಅಡಿಗೆ. ಕಲ್ಯಾಣದ ಚಾಲುಕ್ಯರ ಸಿಂಹಾಸನವು ಹೋಯಿತು, ದ್ವಾರಸಮುದ್ರವು ಹಾಳಾಯಿತು, ವಿಜಯನಗರವು 1565ರ ಯುದ್ಧದ ಬಳಿಕ ಬರಿದಾಯಿತು. ಆದರೆ ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗುವ ಪದ್ಧತಿಯು ಕನ್ನಡ ನಾಡಿನ ಮನೆಗಳಲ್ಲಿ ತಪ್ಪಲಿಲ್ಲ. ಅಡಿಗೆಯ ಮನೆಯಲ್ಲಿ ಏನೂ ಬದಲಾಗದೆಂದು ಹಿರಿಯರು ಹೇಳುವ ಮಾತು ಇದರಿಂದಲೇ ಹುಟ್ಟಿರಬೇಕು. ಆ ಮಾತು ಎಷ್ಟರಮಟ್ಟಿಗೆ ದಿಟವೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬಹುದು.

ಕನ್ನಡಿಗರ ಪಾಕವಿದ್ಯೆಗೆ ಲಿಖಿತವಾದ ಆಧಾರಗಳು ಕಡಮೆಯಲ್ಲ. ಕ್ರಿ. ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಜ್ಯೋತಿಷ, ವೃಕ್ಷಾಯುರ್ವೇದ ಮೊದಲಾದವುಗಳ ಸಂಗಡ ಸೂಪಶಾಸ್ತ್ರಕ್ಕೂ ಸ್ಥಾನವಿರುವುದು. ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 1130ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಅನ್ನಭೋಗವನ್ನು ರಾಜಭೋಗಗಳಲ್ಲೊಂದಾಗಿ ವರ್ಣಿಸುತ್ತದೆ. ಸುಮಾರು 1508ರಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನು ಬರೆದು ಪಾಕವನ್ನು ಸ್ವತಂತ್ರವಾದ ಕಾವ್ಯವಿಷಯವನ್ನಾಗಿಯೇ ಮಾಡಿದನು.

ಈ ಗ್ರಂಥಗಳನ್ನು ಓದುವವರಿಗೆ ಮೊದಲು ಆಗುವ ಬೆರಗು ಹೆಸರುಗಳ ಚಿರಂತನತ್ವವನ್ನು ಕುರಿತದ್ದು. ಇಡ್ಡಲಿಗೆಯು 10ನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿಯೇ ಕಾಣಬರುತ್ತದೆ. ಮಾನಸೋಲ್ಲಾಸದಲ್ಲಿ ಅದು ಇಡ್ಡರಿಕಾ. ಆದರೆ ಹೆಸರು ಉಳಿದ ಮಾತ್ರಕ್ಕೆ ಪದಾರ್ಥವೂ ಹಾಗೆಯೇ ಉಳಿಯಿತೆಂದು ತಿಳಿಯಲಾಗದು. ಚಾವುಂಡರಾಯನು ಹೇಳುವ ಇಡ್ಡಲಿಗೆಗೆ ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಬೆರೆಸಬೇಕು. ಅದರಲ್ಲಿ ಅಕ್ಕಿಯ ಪ್ರಸ್ತಾಪವಿಲ್ಲ. ಇರುಳೆಲ್ಲ ಹುದುಗಿಸುವ ಮಾತೂ ಇಲ್ಲ. ಬದಲಾಗಲೇ ಇಲ್ಲವೆಂದು ಎಲ್ಲರೂ ಭಾವಿಸಿರುವ ತಿಂಡಿಯು ಒಳಗಿನಿಂದ ಪೂರ್ತಿಯಾಗಿ ಬದಲಾಗಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಈ ಗ್ರಂಥಕರ್ತರು ಅರಸರು, ಪಂಡಿತರು, ಕವಿಗಳು. ಅವರು ಭಕ್ಷ್ಯಗಳನ್ನು ಬರೆದರು. ಕೈಯಲ್ಲಿ ಸಟ್ಟುಗವನ್ನು ಹಿಡಿದ ಗೃಹಿಣಿಯರ ಉಪಾಯಗಳಾದರೋ ಬಹುಮಟ್ಟಿಗೆ ಗ್ರಂಥಸ್ಥವಾಗದೆ ತಾಯಿಯಿಂದ ಮಗಳಿಗೂ ಅತ್ತೆಯಿಂದ ಸೊಸೆಗೂ ಬಾಯಿಮಾತಿನಿಂದ ಇಳಿದುಬಂದವು. ಹೀಗೆ ಬಂದವುಗಳಲ್ಲಿ ಕಾರಣವನ್ನು ಹೇಳುವ ವಾಡಿಕೆಯಿರಲಿಲ್ಲ. ಹಾಗೆ ಮಾಡಬೇಕು, ಹೀಗೆ ಮಾಡಬಾರದು ಎಂಬ ವಿಧಿನಿಷೇಧಗಳಷ್ಟೇ ಉಳಿದವು.

ಆ ವಿಧಿಗಳನ್ನು ಪರೀಕ್ಷಿಸಿದರೆ ಅನೇಕಕ್ಕೆ ಬಲವಾದ ಆಧಾರವಿರುವುದು ತಿಳಿಯುತ್ತದೆ. ಬೇಳೆಯು ಬೇಯುವ ಮುನ್ನ ಹುಣಿಸೆಯ ಹುಳಿಯನ್ನು ಹಾಕಬಾರದೆಂಬುದು ಎಲ್ಲ ಮನೆಗಳ ಕಟ್ಟಳೆ. ಹುಳಿಯು ಧಾನ್ಯದ ಕಣಗಳನ್ನು ಬಂಧಿಸಿರುವ ಅಂಟನ್ನು ಕರಗಲೀಯದು. ಆದಕಾರಣ ಮೊದಲೇ ಹುಳಿ ಬಿದ್ದ ಬೇಳೆಯು ಎಷ್ಟು ಸೌದೆ ಉರಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಕೆಸುವನ್ನೂ ಸುವರ್ಣಗಡ್ಡೆಯನ್ನೂ ಹುಣಿಸೆಯೊಡನೆಯೋ ಮುರುಗಲಿನೊಡನೆಯೋ ಬೇಯಿಸಬೇಕೆಂಬುದು ಮತ್ತೊಂದು. ಅವುಗಳಲ್ಲಿ ಸೂಜಿಯಂಥ ಸೂಕ್ಷ್ಮವಾದ ಹರಳುಗಳಿದ್ದು ನಾಲಗೆಗೂ ಗಂಟಲಿಗೂ ಚುಚ್ಚಿ ನವೆಯುಂಟುಮಾಡುವುವು. ಹುಳಿಯು ಆ ನವೆಯನ್ನು ತಗ್ಗಿಸುವುದು. ಹೆಚ್ಚಿದ ಬಾಳೆಯ ಹೂವನ್ನು ಮಜ್ಜಿಗೆಯ ನೀರಿನಲ್ಲಿ ಹಾಕುವುದೂ ಬದನೆಕಾಯಿಯ ಹೋಳುಗಳನ್ನು ನೀರಿನಲ್ಲಿ ಮುಳುಗಿಸಿಡುವುದೂ ಅವು ಕಪ್ಪಾಗದಂತೆ ಮಾಡುವ ಉಪಾಯ. ಗಾಳಿ ಸೋಂಕಿದರೆ ಹೋಳು ಕಪ್ಪಾಗುವುದು. ನೀರು ಗಾಳಿಯನ್ನು ತಡೆಯುವುದು, ಮಜ್ಜಿಗೆಯ ಹುಳಿಯು ಆ ವಿಕಾರವನ್ನೇ ತಡೆಯುವುದು.

ಸಂಗ್ರಹದ ಉಪಾಯಗಳಂತೂ ಇನ್ನೂ ಗಮನಾರ್ಹವಾಗಿವೆ. ತೊಗರಿಯ ಬೇಳೆಗೆ ಹರಳೆಣ್ಣೆಯನ್ನು ಸವರಿಡುವುದರಿಂದ ಹುಳು ಬೀಳುವುದು ತಪ್ಪುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನು ಹಗೇವಿನಲ್ಲಿ, ಎಂದರೆ ನೆಲದೊಳಗೆ ತೋಡಿದ ಕಣಜದಲ್ಲಿ ತುಂಬಿ, ಬಾಯನ್ನು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಒಳಗಿನ ಪ್ರಾಣವಾಯುವು ವ್ಯಯವಾಗಿ ಅಂಗಾರಾಮ್ಲವಾಯುವು ತುಂಬುವುದರಿಂದ ಕ್ರಿಮಿಕೀಟಗಳು ಬದುಕಲಾರವು. ಧಾನ್ಯವು ವರ್ಷಗಟ್ಟಲೆ ಕೆಡದೆ ನಿಲ್ಲುವುದು. ಕ್ಷಾಮದ ವರ್ಷಗಳಲ್ಲಿ ಊರನ್ನು ಉಳಿಸುವುದು. ಆದರೆ ಅದೇ ವಾಯುವು ಇಳಿದ ಮನುಷ್ಯನನ್ನೂ ಕೊಲ್ಲಬಲ್ಲದು. ಅದಕ್ಕಾಗಿಯೇ ಹಗೇವಿನ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗದಿಂದ ಉರಿಯುವ ದೀಪವನ್ನು ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಇಳಿಯುವ ಪದ್ಧತಿಯಿತ್ತು. ವಾಯುವಿನ ಹೆಸರನ್ನು ಅರಿಯದ ರೈತನು ಅದರ ಗುಣವನ್ನು ಚೆನ್ನಾಗಿ ಅರಿತಿದ್ದನು.

ಹಿತ್ತಾಳೆ ತಾಮ್ರಗಳ ಪಾತ್ರೆಗಳಿಗೆ ಕಲಾಯಿ ಹಾಕಿಸುವುದೂ ಹೀಗೆಯೇ. ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಎರಚಿ, ತವರವನ್ನು ಅರಳೆಯಿಂದ ಉಜ್ಜುತ್ತ ಬಂದರೆ ಒಳಮೈ ಬೆಳ್ಳಿಯಂತೆ ಹೊಳೆಯುವುದು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬು ಇಳಿದು ಉಂಡವರು ವಾಂತಿ ಮಾಡುವುದು ಅನುಭವಸಿದ್ಧ. ಸಾರು ಹುಳಿಗಳಿಗೆ ಕಲ್ಲುಮರಿಗೆಯನ್ನೂ ಉಪ್ಪಿನಕಾಯಿಗೆ ಭರಣಿಯನ್ನೂ ಮೀಸಲಿಟ್ಟದ್ದು ಈ ಕಾರಣದಿಂದಲೇ.

ಇನ್ನು ಹೊರಗಿನಿಂದ ಬಂದ ಪದಾರ್ಥಗಳ ವಿಚಾರ. ಮಂಗರಸನ ಕಾಲದ ಅಡಿಗೆಯಲ್ಲಿ ಖಾರವೆಂದರೆ ಮೆಣಸು. ಈಗಿನವರು ಕಾಳುಮೆಣಸೆಂದು ಕರೆಯುವುದೇ ಅದು. ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಪೋರ್ತುಗೀಜರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮೆಣಸನ್ನು ಒಯ್ಯಲು ಬಂದವರೇ ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಪಶ್ಚಿಮ ಕರಾವಳಿಯಲ್ಲಿ ಇಳಿಸಿದರು. ಆ ಕಾಯಿಗೆ ಕನ್ನಡದಲ್ಲಿ ಸ್ವಂತ ಹೆಸರಿರಲಿಲ್ಲ. ಮೆಣಸಿನ ಗುಣವುಳ್ಳ ಕಾಯಿಯೆಂದು ಮೆಣಸಿನಕಾಯಿ ಎಂದರು. ತಮಿಳಿನಲ್ಲಿ ಮಿಳಗಿನಿಂದ ಮಿಳಗಾಯ್ ಆದದ್ದೂ ಇದೇ ರೀತಿ. ಕಾಲಕ್ರಮದಲ್ಲಿ ಬಂದ ನೆಂಟನು ಮನೆಯ ಯಜಮಾನನಾದನು. ಮೂಲದ ಮೆಣಸೇ ತನ್ನನ್ನು ಗುರುತಿಸಿಕೊಳ್ಳಲು ಕಾಳು, ಕರಿ ಎಂಬ ವಿಶೇಷಣಗಳನ್ನು ಹೊತ್ತುಕೊಳ್ಳಬೇಕಾಯಿತು. ಕರಾವಳಿಯ ಜನರು ಮಾತ್ರ ಅದನ್ನು ಒಳ್ಳೆಮೆಣಸೆಂದು ಕರೆದು ಹಳೆಯ ಗೌರವವನ್ನು ಉಳಿಸಿರುವರು. ಪರಂಗಿಯ ಹಣ್ಣು, ಸೀಮೆಬದನೆ, ಬಟಾಟೆ ಎಂಬ ಹೆಸರುಗಳಲ್ಲಿಯೂ ಆಯಾ ಪದಾರ್ಥಗಳ ಪರದೇಶಮೂಲವು ಅಚ್ಚೊತ್ತಿದಂತಿದೆ. ಈ ದಿನ ಬ್ಯಾಡಗಿಯ ಮೆಣಸಿನಕಾಯಿಯಿಲ್ಲದೆ ಕನ್ನಡ ನಾಡಿನ ಸಾರಿನ ಪುಡಿಯನ್ನು ಊಹಿಸುವುದೇ ಕಷ್ಟ.

ಆದರೆ ಒಂದು ಸ್ಥಳದಲ್ಲಿ ಹಳೆಯ ಅಡಿಗೆಯು ಅಳಿಯದೆ ನಿಂತಿದೆ. ಅದು ಶ್ರಾದ್ಧದ ಅಡಿಗೆ. ಅನೇಕ ವೈದಿಕ ಮನೆಗಳಲ್ಲಿ ಪಿತೃಕಾರ್ಯದ ದಿನ ಮೆಣಸಿನಕಾಯಿಯು ಒಲೆಯ ಬಳಿ ಸುಳಿಯಕೂಡದು. ಖಾರಕ್ಕೆ ಕಾಳುಮೆಣಸೇ ಆಗಬೇಕು. ಆಲೂಗಡ್ಡೆ, ಟೊಮೇಟೊ, ಎಲೆಕೋಸು ಮೊದಲಾದವು ವರ್ಜ್ಯ. ಬಾಳೆಕಾಯಿ, ಹಾಗಲಕಾಯಿ, ಸುವರ್ಣಗಡ್ಡೆ, ಉದ್ದು, ಎಳ್ಳು ಗ್ರಾಹ್ಯ. ಮಾಧ್ವರು ಚಾತುರ್ಮಾಸ್ಯದ ಮೊದಲ ತಿಂಗಳಾದ ಶಾಕವ್ರತದಲ್ಲಿ ಹುಣಿಸೆಯನ್ನೂ ಮೆಣಸಿನಕಾಯಿಯನ್ನೂ ಬಿಟ್ಟು ಮಾವಿನ ಹುಳಿಯನ್ನೂ ಮೆಣಸನ್ನೂ ಬಳಸುವರು. ಕಾರಣವನ್ನು ಕೇಳಿದರೆ ಮಡಿಯೆಂದೋ ಶಾಸ್ತ್ರವೆಂದೋ ಉತ್ತರ ಬರುವುದು. ಆದರೆ ಶ್ರಾದ್ಧದಲ್ಲಿ ನಿಷಿದ್ಧವಾದ ಹೊಸ ತರಕಾರಿಗಳಲ್ಲಿ ಬಹುಭಾಗವು ಸಮುದ್ರವನ್ನು ದಾಟಿ ಬಂದವೆಂಬುದನ್ನು ನೋಡಿದರೆ, ಆ ವಿಧಿಗಳು ನಿಂತ ಕಾಲದಲ್ಲಿ ಇವು ಈ ದೇಶಕ್ಕೆ ಬಂದೇ ಇರಲಿಲ್ಲವಾಗಿ ಅಂಗೀಕೃತವಾದ ಪಟ್ಟಿಯಲ್ಲಿ ಸೇರಲಿಲ್ಲವೆಂದು ಊಹಿಸುವುದು ಯುಕ್ತವಾಗಿದೆ. ಗ್ರಂಥಭಂಡಾರದಲ್ಲಿಯೂ ದೊರೆಯದ ಐದುನೂರು ವರ್ಷಗಳ ಹಿಂದಿನ ರುಚಿಯು ವರ್ಷಕ್ಕೊಂದು ದಿನ ಬಾಳೆಯೆಲೆಯ ಮೇಲೆ ಬರುತ್ತದೆ. ಉಣ್ಣುವವರು ಅದನ್ನು ಅರಿಯದೆಯೇ ಉಣ್ಣುತ್ತಾರೆ.

ಇಷ್ಟರಿಂದ ಒಂದು ನಿಯಮವು ಹೊರಡುತ್ತದೆ. ಅಡಿಗೆಯ ಮನೆಯು ಪದಾರ್ಥವನ್ನು ಬಲುಬೇಗ ಬದಲಿಸುವುದು. ಕೈಯ ಕ್ರಮವನ್ನು ಬಹಳ ನಿಧಾನವಾಗಿ ಬದಲಿಸುವುದು. ದೇಶಕ್ಕೆಲ್ಲ ಕಿಲೋಗ್ರಾಂ ಲೀಟರುಗಳನ್ನು ವಿಧಿಸಿದ ಶಾಸನವು 1956ರಲ್ಲಿಯೇ ಆಯಿತು. ಅಂಗಡಿಯಿಂದ ಕಿಲೋಗ್ರಾಮಿನಲ್ಲಿ ಬಂದ ಅಕ್ಕಿಯು ಮನೆಯೊಳಗೆ ಇಂದಿಗೂ ಪಾವಿನಲ್ಲಿಯೇ ಅಳೆಯಲ್ಪಡುವುದು. ಹೆಪ್ಪಿಗೆ ಮೊಸರು ಇಲ್ಲದ ದಿನ ಉಗುರುಬೆಚ್ಚಗಿನ ಹಾಲಿಗೆ ಒಣಮೆಣಸಿನಕಾಯಿಯನ್ನು ತೊಟ್ಟಿನೊಡನೆ ಹಾಕಿಡುವ ಉಪಾಯವನ್ನು ಅಜ್ಜಿಯರು ಅನಾದಿಯೆಂದೇ ಹೇಳುವರು. ತೊಟ್ಟಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲನ್ನು ಹುಳಿಗೊಳಿಸುವುದು ನಿಜ. ಆದರೆ ಮೆಣಸಿನಕಾಯಿಯೇ 16ನೆಯ ಶತಮಾನದ್ದಾಗಿರಲು ಈ ಉಪಾಯವು ಅನಾದಿಯಾಗುವುದೆಂತು? ಯಾವಳೋ ಒಬ್ಬ ಗೃಹಿಣಿಯು ಹೊಸ ಕಾಯಿಯನ್ನು ಕೈಗೆ ತೆಗೆದುಕೊಂಡು, ಪರೀಕ್ಷಿಸಿ, ಹಳೆಯ ಕೆಲಸಕ್ಕೆ ಹೂಡಿದಳು. ಅವಳ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ರೂಢಿಗಳೆಲ್ಲವೂ ಇಂಥವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ದೀಪ ಹಚ್ಚಿದ ಮೇಲೆ ನೆರೆಮನೆಗೆ ಉಪ್ಪು ಮೊಸರುಗಳನ್ನು ಕೊಡಬಾರದೆಂಬುದರಿಂದ ಯಾರಿಗೂ ದೊಡ್ಡ ಹಾನಿಯಿಲ್ಲ; ಇದ್ದರೂ ಹೋದರೂ ಒಂದೇ. ಆದರೆ ಎಲ್ಲರ ಊಟವಾದ ಬಳಿಕ ಉಳಿದುದನ್ನು ಮನೆಯ ಹೆಂಗಸರು ಉಣ್ಣಬೇಕೆಂಬ ರೂಢಿಯು ಹಾಗಲ್ಲ. ಬಡತನದ ಮನೆಯಲ್ಲಿ ಉಳಿಯುವುದು ತಿಳಿಯಾದ ಸಾರು ಮಾತ್ರ. ಅದನ್ನುಂಡು ಬಸುರಿಯೂ ಬಾಣಂತಿಯೂ ದುಡಿಯಬೇಕಾಗುತ್ತಿತ್ತು. ಹೊಗೆಗೂಡಿಲ್ಲದ ಅಡಿಗೆಯ ಮನೆಯು ಇಂಥದೇ ಇನ್ನೊಂದು. ಕಣ್ಣೂ ಶ್ವಾಸಕೋಶವೂ ಕೆಡುವವರೆಗೆ ಹಸಿ ಸೌದೆಯ ಹೊಗೆಯಲ್ಲಿ ಊದುಗೊಳವೆಯನ್ನು ಊದುವುದನ್ನು ಗೃಹಿಣೀಧರ್ಮವೆಂದು ಹೊಗಳಿದವರುಂಟು, ಹೊಗಳಿದವರು ಊದಿದವರಲ್ಲ.

ಇಲ್ಲಿಯೂ ಬದಲಾವಣೆಯು ಬಂದ ಬಗೆಯು ಬೋಧಪ್ರದವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಎಂಬ ಗ್ರಾಮೋಪಯೋಗಿ ವಿಜ್ಞಾನಕೇಂದ್ರವು 1980ರ ದಶಕದಲ್ಲಿ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ತಂದಿತು. ಒಂದೇ ಉರಿಯಿಂದ ಮೂರು ಪಾತ್ರೆಗಳು ಕಾಯುವಂತೆಯೂ ಹೊಗೆಯು ಕೊಳವೆಯ ಮೂಲಕ ಹೊರಹೋಗುವಂತೆಯೂ ಅದನ್ನು ಕಟ್ಟಿದ್ದರು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನಿಲದ ಒಲೆಯು ಬಡವರ ಮನೆಗಳಿಗೂ ಬಂದಿತು. ಆದರೂ ಎಷ್ಟೋ ಮನೆಗಳಲ್ಲಿ ಹಳೆಯ ಒಲೆಯು ಮೂಲೆಯಲ್ಲಿ ಉರಿಯುತ್ತಲೇ ಇದೆ. ಸಿಲಿಂಡರಿನ ಬೆಲೆಯೂ ಪುಕ್ಕಟೆಯಾಗಿ ದೊರೆಯುವ ಪುಳ್ಳೆಯೂ ಇದಕ್ಕೆ ಕಾರಣ. ರೂಢಿಯನ್ನು ಮಾತ್ರ ದೂರಿ ಫಲವಿಲ್ಲ.

ಆದುದರಿಂದ ಬದಲಾವಣೆಯೇ ಸಂಪ್ರದಾಯದ್ರೋಹವೆಂದು ಹೇಳುವವರು ತಮ್ಮ ಎಲೆಯಲ್ಲಿರುವ ಮೆಣಸಿನಕಾಯಿಯನ್ನು ಒಮ್ಮೆ ನೋಡಬೇಕು. ಹಳೆಯದೆಲ್ಲವೂ ಮೌಢ್ಯವೆಂದು ಬಿಸಾಡುವವರು ಹಗೇವಿನ ದೀಪವನ್ನು ಒಮ್ಮೆ ನೆನೆಯಬೇಕು. ಕಾರಣವನ್ನು ತಿಳಿದರೆ ಉಳಿಸಬೇಕಾದುದೂ ಬಿಡಬೇಕಾದುದೂ ತಾನಾಗಿಯೇ ಬೇರ್ಪಡುವುವು. ಕಾರಣವು ಮರೆತುಹೋದರೆ ಎರಡೂ ಒಂದೇ ರಾಶಿಯಾಗಿ ಕಾಣುವುವು.

ಈ ಕೆಲಸಕ್ಕೆ ಕಾಲವು ಕಾದಿರುವುದಿಲ್ಲ. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಿಂದ ಪ್ರಕಟಿಸಿದರು. ಬೀಸುವ ಕಲ್ಲು ಮೂಲೆ ಸೇರಿದರೂ ಹಾಡು ಉಳಿಯಿತು. ಹಾಡಿದ ಬಾಯಿಯ ಮಾತನ್ನು ಹೀಗೆ ಬರೆದಿಟ್ಟವರಿದ್ದರು. ಅದೇ ಹೆಂಗಸರ ಕೈಯ ವಿದ್ಯೆಯನ್ನು ಬರೆದಿಟ್ಟವರು ವಿರಳ. ಹಗೇವನ್ನು ತುಂಬಿಸಬಲ್ಲವರೂ, ಹೊಸ ಕಲ್ಲುಮರಿಗೆಗೆ ಎಣ್ಣೆ ಅರಿಸಿನ ಸವರಿ ಪಳಗಿಸಬಲ್ಲವರೂ, ಮಾವಿನ ಮಿಡಿಗೆ ಬೀಳುವ ಉಪ್ಪನ್ನು ಕೈಯಂದಾಜಿನಲ್ಲಿಯೇ ಹೇಳಬಲ್ಲವರೂ ಊರಿಗೆ ಇಬ್ಬರು ಮೂವರಾಗಿ ಉಳಿದಿರುವರು. ಅವರಲ್ಲಿ ಹೆಚ್ಚಿನವರು ಎಂಬತ್ತು ದಾಟಿದವರು. ಜಿಲ್ಲೆಯ ಶಾಲೆಗಳಲ್ಲಿ ಓದುವ ಮೊಮ್ಮಕ್ಕಳು ಒಂದು ಬೇಸಿಗೆಯ ರಜದಲ್ಲಿ ಕಾಗದ ಲೇಖನಿಗಳನ್ನು ಹಿಡಿದು ಒಲೆಯ ಪಕ್ಕದಲ್ಲಿ ಕುಳಿತು, ಏನು ಮಾಡುವಿರಿ ಎಂಬುದರೊಡನೆ ಏಕೆ ಮಾಡುವಿರಿ ಎಂಬುದನ್ನೂ ಕೇಳಿ ಬರೆದುಕೊಂಡರೆ, ಚಾವುಂಡರಾಯನೂ ಮಂಗರಸನೂ ಬರೆಯದೆ ಬಿಟ್ಟ ಅಧ್ಯಾಯವು ಸಿದ್ಧವಾಗುವುದು.