ಅಂಬಾಸಡರ್ ಟ್ಯಾಕ್ಸಿ (ಕೋಲ್ಕತ್ತ): ಬಾಳಿಕೆ ಮತ್ತು ಅರ್ಹತಾ ಪರೀಕ್ಷೆ

ಕೋಲ್ಕತ್ತದ ಹಳದಿ ಟ್ಯಾಕ್ಸಿಯಾಗಿ ಹೆಸರಾದ ಕಾರು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ರೂಪುಗೊಂಡ ಇದನ್ನು ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಹೂಗ್ಲಿ ಜಿಲ್ಲೆಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಿಸಿತು.

ದಪ್ಪ ತಗಡಿನ ಮೈ, ಹಿಂಬದಿಯ ಪಟ್ಟಿ ಸ್ಪ್ರಿಂಗು, ರಸ್ತೆ ಬದಿಯ ಮೆಕ್ಯಾನಿಕ್‌ ಕೂಡ ಬಿಚ್ಚಿ ಜೋಡಿಸಬಲ್ಲ ಎಂಜಿನ್ ಇದರ ಬಲ. ಆದರೆ ಸುಲಭವಾಗಿ ರಿಪೇರಿಯಾಗುವುದೇ ಸುರಕ್ಷತೆಯಲ್ಲ. ಮಳೆಗಾಲದಲ್ಲಿ ನೀರು ನಿಲ್ಲುವ ಈ ನಗರದಲ್ಲಿ ಹಳೆಯ ಕಾರಿನ ತಳ ತುಕ್ಕು ಹಿಡಿಯುತ್ತದೆ. ಸ್ಟೀರಿಂಗ್ ಸಡಿಲವಾಗುತ್ತದೆ, ಬ್ರೇಕ್ ಸವೆಯುತ್ತದೆ. ಇವು ಹೊಸ ಬಣ್ಣದಡಿ ಕಾಣುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯಂತೆ ಬಾಡಿಗೆ ವಾಹನಕ್ಕೆ ಅರ್ಹತಾ ಪತ್ರ (ಎಫ್‌ಸಿ) ಕಡ್ಡಾಯ. ಎಂಟು ವರ್ಷ ದಾಟಿದರೆ ಪ್ರತಿವರ್ಷ ನವೀಕರಣ. ಬ್ರೇಕ್, ಸ್ಟೀರಿಂಗ್, ದೀಪ, ಟೈರುಗಳ ತಪಾಸಣೆಯಾಗುತ್ತದೆ. ಹೊಗೆ ತಪಾಸಣೆಯ ಪತ್ರವೂ ಬೇಕು. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಪರೀಕ್ಷೆಯಲ್ಲಿ ಗೆದ್ದರೆ ಐದೈದು ವರ್ಷ ಮುಂದುವರಿಯುತ್ತದೆ. ಕೋಲ್ಕತ್ತದ ಟ್ಯಾಕ್ಸಿಗೆ ಆ ಅವಕಾಶವಿಲ್ಲದಾಯಿತು: 15 ವರ್ಷ ಮೀರಿದ ವಾಣಿಜ್ಯ ವಾಹನಗಳನ್ನು ಮಹಾನಗರ ಪ್ರದೇಶದಿಂದ ತೆಗೆಯುವಂತೆ 2008ರಲ್ಲಿ ಕಲ್ಕತ್ತ ಹೈಕೋರ್ಟ್ ಆದೇಶಿಸಿತು. ವಯಸ್ಸಿಗಿಂತ ಸ್ಥಿತಿಯನ್ನು ಅಳೆಯುವುದು ನ್ಯಾಯವೆನಿಸಿದರೂ, ನಗರದ ಗಾಳಿ ಕೆಟ್ಟಿದ್ದ ಆಗ ಆದೇಶ ಅಗತ್ಯವೇ ಆಗಿತ್ತು. ತಯಾರಿಕೆ ನಿಂತಿರುವುದರಿಂದ ಹಳತರ ಜಾಗಕ್ಕೆ ಹೊಸ ಅಂಬಾಸಡರ್ ಬರುವುದಿಲ್ಲ.