ಒಂದು ಒತ್ತಕ್ಷರದ ವ್ಯಾಜ್ಯ

ಹಳಿಗೂ ಹಳ್ಳಿಗೂ ನಡುವೆ ಇರುವುದು ಒಂದೇ ಒತ್ತು; ಕನ್ನಡದ ಕಿವಿಗೆ ಅಷ್ಟು ಸಾಕು. ಇಂಗ್ಲಿಷಿನಲ್ಲಿ ‘ಎಫ್’ ಎರಡಾದರೂ ಉಚ್ಚಾರ ಬದಲಾಗಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಒಂದು ಡೊಮೇನ್ ವ್ಯಾಜ್ಯ ನಿಂತಿದ್ದೇ ಈ ಅಕ್ಷರದ ಮೇಲೆ.

ಸತ್ಯಂ ಇನ್ಫೋವೇ 1999ರಲ್ಲಿ ತನ್ನ ಹೆಸರನ್ನೇ ಕತ್ತರಿಸಿ ಕಟ್ಟಿದ ‘ಸಿಫಿ’ಯ ಡೊಮೇನ್‌ಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಕಂಪನಿ ‘ಸಿಫ್ಫಿನೆಟ್’ ಎಂದು ನೋಂದಾಯಿಸಿತು. ಐವರು ಪ್ರವರ್ತಕರ ಮೊದಲಕ್ಷರಗಳವು ಎಂದಿತು. ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ವ್ಯವಹಾರಗಳು ಬೇರೆಬೇರೆ ಎಂದು ಹೈಕೋರ್ಟ್ ಅದನ್ನು ತೆರವುಗೊಳಿಸಿತು.

2004ರ ಮೇ 6ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಮರಳಿಸಿತು. ಡೊಮೇನ್‌ಗೆಂದೇ ಕಾನೂನಿಲ್ಲ, ನಿಜ. ಆದರೆ ಅದು ಬರೀ ವಿಳಾಸವಲ್ಲ, ವ್ಯಾಪಾರದ ಗುರುತು. ತನ್ನ ಸರಕನ್ನು ಇನ್ನೊಬ್ಬರದೆಂದು ನಂಬಿಸಿ ಮಾರಬಾರದೆಂಬ ಹಳೆಯ ನ್ಯಾಯ ಇದಕ್ಕೂ ಸಲ್ಲುತ್ತದೆ ಎಂದಿತು.

ನೋಂದಣಿ ಇಬ್ಬರಲ್ಲೂ ಇತ್ತು. ಜನ ಗುರುತಿಸುತ್ತಿದ್ದುದು ಒಬ್ಬರನ್ನು.