ಸಾಗರ ಮತ್ಸ್ಯಾಗಾರದಲ್ಲಿ ಬಂಡೆಗಳು

ಸಾಗರ ಮತ್ಸ್ಯಾಗಾರದ ಬಂಡೆಗಳು ಎಂದರೆ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಮೀನುಗಳ ಆಶ್ರಯಕ್ಕೂ ನೀರಿನ ಶುದ್ಧೀಕರಣಕ್ಕೂ ಜೋಡಿಸುವ ಕಲ್ಲುಗಳು. ಹವಳದ ದಿಬ್ಬಗಳ ಮೀನುಗಳು ಸಂದುಗೊಂದುಗಳಲ್ಲಿ ಅಡಗಿ ಬಾಳುವಂಥವು. ಆಸರೆಯಿಲ್ಲದ ತೊಟ್ಟಿಯಲ್ಲಿ ಅವು ಬೆದರಿ ಆಹಾರ ಬಿಡುತ್ತವೆ. ಆದರೆ ಅದೇ ಬಂಡೆ ಕುಸಿದು, ಮೀನನ್ನು ಸಿಕ್ಕಿಸಿ ಅಥವಾ ನೀರಿಗೆ ವಿಷ ಬಿಟ್ಟು ಅವುಗಳ ಸಾವಿಗೂ ಕಾರಣವಾಗಬಲ್ಲದು. ಕಲ್ಲಿನ ಆಯ್ಕೆಯು ಆಯಾ ಪ್ರದೇಶದ ಭೂರಚನೆಯನ್ನು ಅವಲಂಬಿಸುವುದರಿಂದ, ಕಡಲಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿರುವ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಕಲ್ಲುಗಳನ್ನು ಈ ಲೇಖನದಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಬಂಡೆಗಳ ಪಾತ್ರ

ಮೀನುಗಳ ವಿಸರ್ಜನೆಯಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಕಲ್ಲಿನ ಮೇಲೂ ಅದರ ರಂಧ್ರಗಳಲ್ಲೂ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಆದ್ದರಿಂದ ರಂಧ್ರಮಯವಾದ, ಹಗುರವಾದ ಕಲ್ಲಿಗೆ ಹೆಚ್ಚಿನ ಬೆಲೆ. ಸಮುದ್ರದ ಜೀವಿಗಳು ನೆಲೆಸಿರುವ ಕಲ್ಲನ್ನು ‘ಸಜೀವ ಶಿಲೆ’ ಎನ್ನುತ್ತಾರೆ. ಇಂಡೋನೇಷ್ಯದ ಲೀ ಚಿನ್ ಎಂಗ್ 1960ರ ದಶಕದ ಆರಂಭದಲ್ಲಿ ಇಂತಹ ಕಲ್ಲುಗಳನ್ನು ಬಳಸಿ ತೊಟ್ಟಿಗಳನ್ನು ನಿರ್ವಹಿಸುವ ಕ್ರಮವನ್ನು ಪ್ರಚುರಪಡಿಸಿದರು. ಒಣ ಕಲ್ಲಿನ ಮೇಲೆ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ಹಲವು ವಾರಗಳು ಬೇಕು. ಅಮೋನಿಯ ಮತ್ತು ನೈಟ್ರೈಟ್ ಪರೀಕ್ಷೆಗಳೆರಡೂ ಸೊನ್ನೆ ತೋರಿಸುವವರೆಗೆ ಮೀನು ಬಿಡಬಾರದು.

ಕಾನೂನು

ಭಾರತದಲ್ಲಿ ಹವಳವನ್ನಾಗಲಿ ಹವಳದ ಕಲ್ಲನ್ನಾಗಲಿ ಸಮುದ್ರದಿಂದ ಎತ್ತುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕಲ್ಲುಹವಳಗಳು 2001ರಿಂದ ಸೇರಿವೆ. ಕಡಲ್ಕುದುರೆಗಳಿಗೂ ಇದೇ ರಕ್ಷಣೆಯಿದೆ. ಕರ್ನಾಟಕದಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಹೀಗಾಗಿ ಹವ್ಯಾಸಿಗಳಿಗೆ ಉಳಿಯುವ ದಾರಿ ನೆಲದ ಮೇಲೆ ದೊರೆಯುವ ಕಲ್ಲು ಅಥವಾ ಕೃತಕ ಕಲ್ಲು. ಮೀನುಗಳ ವಿಷಯದಲ್ಲಿಯೂ ಸಾಕಣೆಯಲ್ಲಿ ಹುಟ್ಟಿದವುಗಳನ್ನು ಆರಿಸುವುದು ಉತ್ತಮ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳ ಕೃತಕ ಸಂತಾನೋತ್ಪತ್ತಿಯಲ್ಲಿ ಯಶಸ್ಸು ಕಂಡಿದೆ.

ಕಲಬುರಗಿ ಜಿಲ್ಲೆಯ ಕಲ್ಲುಗಳು

ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳ ಎರೆಮಣ್ಣಿನ ಕೆಳಗಿರುವುದು ದಖ್ಖನ್ ಲಾವಾ ಪದರಗಳ ಬಸಾಲ್ಟ್, ಅಂದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಉಂಟಾದ ಕಪ್ಪುಕಲ್ಲು. ಜೇವರ್ಗಿ ತಾಲ್ಲೂಕಿನ ಕೆಲವು ಭಾಗಗಳಲ್ಲಿ ಈ ಲಾವಾ ಹೊದಿಕೆ ಮುಗಿದು, ಅದಕ್ಕಿಂತ ಬಹಳ ಹಳೆಯದಾದ ಭೀಮಾ ಶಿಲಾಸಮೂಹದ ಸುಣ್ಣಕಲ್ಲು ಮತ್ತು ಜೇಡಿಶಿಲೆ ಕಾಣಿಸುತ್ತವೆ. ಮನೆಗಳ ನೆಲಕ್ಕೆ ಹಾಸುವ ಪ್ರಸಿದ್ಧ ಶಹಾಬಾದ್ ಕಲ್ಲು ಈ ಸಮೂಹದ್ದೇ. ಇಂದು ಕಡಲಿಲ್ಲದ ಈ ಸೀಮೆಯ ಸುಣ್ಣಕಲ್ಲು ಪುರಾತನ ಸಮುದ್ರವೊಂದರಲ್ಲಿ ಶೇಖರವಾದದ್ದು ಎಂಬುದು ಗಮನಾರ್ಹ.

ಬಸಾಲ್ಟ್ ನೀರಿನಲ್ಲಿ ಸುಲಭವಾಗಿ ಕರಗದು. ಗುಳ್ಳೆಗಳ ಗುರುತುಳ್ಳ ಬಸಾಲ್ಟಿನ ಒರಟು ಮೈ ಬ್ಯಾಕ್ಟೀರಿಯಗಳಿಗೆ ಅನುಕೂಲ. ಆದರೆ ಅದು ತೂಕದ ಕಲ್ಲು. ತುಕ್ಕಿನ ಬಣ್ಣದ ಗೆರೆಯಿರುವ ಅಥವಾ ಲೋಹದಂತೆ ಹೊಳೆಯುವ ತುಂಡುಗಳನ್ನು ಬಿಡಬೇಕು. ಸುಣ್ಣಕಲ್ಲಿನ ಮೇಲೆ ವಿನೆಗರ್ ಹನಿಸಿದರೆ ನೊರೆ ಬರುತ್ತದೆ. ಸಿಹಿನೀರಿನ ತೊಟ್ಟಿಯಲ್ಲಿ ಅದು ನೀರಿನ ಗಡಸುತನವನ್ನು ಹೆಚ್ಚಿಸುತ್ತದೆ, ಪಿಎಚ್ 8.1ರಿಂದ 8.4ರಷ್ಟಿರುವ ಕಡಲನೀರಿನಲ್ಲಿ ಹೆಚ್ಚು ಕರಗುವುದಿಲ್ಲವಾದ್ದರಿಂದ ಅಲ್ಲಿ ದೋಷವಲ್ಲ. ಶಹಾಬಾದ್ ಹಾಸುಗಲ್ಲಿನ ತುಂಡು ಅಲುಗದ ತಳಪಾಯವಾಗಬಲ್ಲದು, ಆದರೆ ರಂಧ್ರಗಳು ಕಡಿಮೆ. ಒಡೆದ ಅಂಚುಗಳು ಹರಿತವಾಗಿರುವುದರಿಂದ ಅವನ್ನು ಉಜ್ಜಿ ನಯಗೊಳಿಸಬೇಕು. ಪಾಲಿಶ್ ಮಾಡಿದ ಕಲ್ಲು ಬೇಡ. ಪದರಪದರವಾಗಿ ಬಿಚ್ಚಿಕೊಳ್ಳುವ ಜೇಡಿಶಿಲೆಯೂ ಯೋಗ್ಯವಲ್ಲ.

ಕಲ್ಲು ಎಲ್ಲಿಂದ ಬಂತು ಎಂಬುದೂ ಮುಖ್ಯ. ತೊಗರಿ, ಹತ್ತಿ ಹೊಲಗಳ ಬದುವಿನ ಕಲ್ಲಿನಲ್ಲಿ ಕೀಟನಾಶಕದ ಶೇಷವಿರಬಹುದು. ಅತ್ಯಲ್ಪ ಪ್ರಮಾಣವೂ ಸಿಗಡಿ, ಏಡಿಗಳನ್ನು ಕೊಲ್ಲಬಲ್ಲದು. ಕಲ್ಲನ್ನು ಬ್ರಷ್‌ನಿಂದ ಉಜ್ಜಿ, ನೀರು ಬದಲಿಸುತ್ತ ಕೆಲವು ವಾರ ನೆನೆಸಿಡಬೇಕು. ಸೋಪು ಬಳಸಬಾರದು. ಕುದಿಸುವುದಂತೂ ಸಲ್ಲದು: ಒಳಗಿನ ಹಬೆಯಿಂದ ಕಲ್ಲು ಸಿಡಿಯಬಹುದು, ಹಿಂದೆ ಕಡಲತೊಟ್ಟಿಯಲ್ಲಿದ್ದ ಕಲ್ಲಾದರೆ ಅದರ ಮೇಲಿನ ಕೆಲವು ಜೀವಿಗಳ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷ ಹಬೆಯೊಡನೆ ಮನುಷ್ಯರ ಶ್ವಾಸಕೋಶವನ್ನು ಸೇರಬಹುದು.

ಕುಸಿತ ಮತ್ತು ಜೋಡಣೆ

ಬಂಡೆಯ ಕೆಳಗೆ ಮರಳು ತೋಡುವ ಗೋಬಿ ಮೀನು ಹಾಗೂ ಪಿಸ್ತೂಲು ಸಿಗಡಿ, ಸಂದುಗಳಲ್ಲಿ ನುಗ್ಗುವ ಮೊರೆ ಹಾವುಮೀನು, ಬಾಯಿಂದ ಕಲ್ಲು ಉರುಳಿಸುವ ಟ್ರಿಗರ್ ಮೀನು ಇವು ಕುಸಿತಕ್ಕೆ ಮುಖ್ಯ ಕಾರಣಗಳು. ಮರಳಿನ ಮೇಲೆ ಕಲ್ಲಿಟ್ಟರೆ ಅಡಿ ಬರಿದಾಗಿ ರಾಶಿ ಒರಗುತ್ತದೆ. ಆದ್ದರಿಂದ ತೊಟ್ಟಿಯ ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ದೊಡ್ಡ ಕಲ್ಲುಗಳನ್ನು ಕೂರಿಸಿ, ಮರಳನ್ನು ಕೊನೆಯಲ್ಲಿ ಸುರಿಯುವುದು ಸರಿಯಾದ ಕ್ರಮ.

ಪ್ರತಿ ಕಲ್ಲೂ ಕನಿಷ್ಠ ಮೂರು ಕಡೆ ಊರಿ ನಿಲ್ಲಬೇಕು. ಮೇಲಿನ ಕಲ್ಲುಗಳನ್ನು ನೀರಿನಲ್ಲಿ ಗಟ್ಟಿಯಾಗುವ ಎಪಾಕ್ಸಿಯಿಂದಲೋ ಅಕ್ರಿಲಿಕ್ ಕಡ್ಡಿಯಿಂದಲೋ ಬಂಧಿಸಬಹುದು. ಕಬ್ಬಿಣ ಅಥವಾ ತಾಮ್ರದ ತಂತಿ ನಿಷಿದ್ಧ. ಸಿಮೆಂಟ್ ಬಳಸಿದರೆ ಅದರ ಕ್ಷಾರ ಇಳಿಯುವವರೆಗೆ ನೆನೆಸಬೇಕು. ರಾಶಿಯನ್ನು ಗಾಜಿಗೆ ಒರಗಿಸದೆ, ಶುಚಿಗೊಳಿಸಲು ಕೈ ಹೋಗುವಷ್ಟು ಅಂತರ ಬಿಡಬೇಕು.

ನೀರು ಬದಲಿಸುವ ಹೊತ್ತು ವಿಶೇಷ ಅಪಾಯದ್ದು. 10 ಕಿಲೋಗ್ರಾಂ ಬಸಾಲ್ಟ್ ಕಡಲನೀರಿನೊಳಗೆ ತೂಗುವುದು ಸುಮಾರು 6.5 ಕಿಲೋಗ್ರಾಂ ಮಾತ್ರ. ನೀರಿನ ಮಟ್ಟ ಇಳಿದಾಗ ಮೇಲಿನ ಕಲ್ಲಿಗೆ ಪೂರ್ಣ ತೂಕ ಮರಳಿ ಬರುತ್ತದೆ. ನೀರಿನಲ್ಲಿ ನೆಟ್ಟಗೆ ನಿಂತಿದ್ದ ರಾಶಿ ಆಗ ಜಾರಬಹುದು. ಆದ್ದರಿಂದ ಮೀನು ಬಿಡುವ ಮೊದಲೇ, ಒಣ ತೊಟ್ಟಿಯಲ್ಲಿ ರಾಶಿಯನ್ನು ಕೈಯಿಂದ ಅಲುಗಿಸಿ ನೋಡುವುದು ಒಳ್ಳೆಯ ಪರೀಕ್ಷೆ.

ಸಿಕ್ಕಿಕೊಳ್ಳುವಿಕೆ ಮತ್ತು ರಕ್ಷಣೆ

ಪ್ರತಿ ಗುಹೆಗೂ ಎರಡು ಬಾಯಿಗಳಿರಬೇಕು; ಒಂದೇ ಬಾಯಿಯಿದ್ದರೆ ಬಲಿಷ್ಠ ಮೀನು ದುರ್ಬಲವನ್ನು ಅಲ್ಲಿ ಒತ್ತಿ ಹಿಡಿಯುತ್ತದೆ. ಸರ್ಜನ್ ಮೀನಿನಂತಹ ವೇಗದ ಮೀನುಗಳಿಗೆ ಈಜಲು ಬಯಲೂ ಬೇಕು. ದೀಪವನ್ನು ಹಠಾತ್ತನೆ ಹಾಕಿದರೆ ಮೀನು ಬೆದರಿ ಕಲ್ಲಿಗೆ ಅಪ್ಪಳಿಸಿ ಗಾಯಗೊಳ್ಳುವ ಸಂಭವವಿದೆ.

ಸಂದಿಯಲ್ಲಿರುವ ಮೀನನ್ನು ಎಳೆಯಬಾರದು. ಟ್ರಿಗರ್ ಮೀನು ಬೆನ್ನಿನ ಮುಳ್ಳನ್ನು ಎತ್ತಿ ಬೀಗ ಹಾಕಿದಂತೆ ಸಂದಿಗೆ ಸಿಕ್ಕಿಸಿಕೊಳ್ಳುತ್ತದೆ. ಎಳೆದಷ್ಟೂ ಗಾಯ ಹೆಚ್ಚು. ಮೇಲಿನ ಕಲ್ಲುಗಳನ್ನು ಒಂದೊಂದಾಗಿ ತೆಗೆದು, ಆ ಕಲ್ಲನ್ನೇ ತೊಟ್ಟಿಯ ನೀರು ತುಂಬಿದ ಬಕೆಟ್ಟಿಗೆ ಸಾಗಿಸಿ ಮೀನು ತಾನಾಗಿ ಹೊರಬರಲು ಬಿಡಬೇಕು. ಗಾಯಗೊಂಡ ಮೀನನ್ನು ಪ್ರತ್ಯೇಕ ತೊಟ್ಟಿಯಲ್ಲಿ ಇಡಬೇಕು; ಅಲ್ಲಿ ಕಲ್ಲಿಗೆ ಬದಲಾಗಿ ಪಿವಿಸಿ ಕೊಳವೆಯ ತುಂಡು ಸಾಕು. ತಾಮ್ರಯುಕ್ತ ಔಷಧವನ್ನು ಮುಖ್ಯ ತೊಟ್ಟಿಗೆ ಹಾಕಬಾರದು: ಸುಣ್ಣಕಲ್ಲು ಅದನ್ನು ಹೀರಿಕೊಳ್ಳುತ್ತದೆ, ಸಿಗಡಿ, ಏಡಿಗಳು ಸಾಯುತ್ತವೆ.

ಬೇಸಿಗೆಯ ನಿರ್ವಹಣೆ

ಈ ಮೂರೂ ತಾಲ್ಲೂಕುಗಳಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ತೊಟ್ಟಿಗೆ ಬೇಕಾದದ್ದು 24ರಿಂದ 27 ಡಿಗ್ರಿ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಒತ್ತೊತ್ತಾಗಿ ಪೇರಿಸಿದ ಕಲ್ಲಿನ ಹಿಂದೆ ಹರಿವು ನಿಂತು, ಕಸ ಕೊಳೆತು ಕೊರತೆ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಸಡಿಲವಾದ, ನೀರಾಡುವ ರಚನೆಯೇ ಇಲ್ಲಿಗೆ ಹೊಂದುತ್ತದೆ. ವಿದ್ಯುತ್ ಹೋದಾಗ ಬ್ಯಾಟರಿಯ ಗಾಳಿ ಪಂಪು ಅಗತ್ಯ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದಕಾರಣ ಇಳಿದ ಮಟ್ಟವನ್ನು ಶುದ್ಧೀಕರಿಸಿದ ಸಿಹಿನೀರಿನಿಂದ ತುಂಬಬೇಕು. ಗಡಸಾದ ಕೊಳವೆಬಾವಿ ನೀರನ್ನು ಆರ್‌ಒ ಯಂತ್ರದಲ್ಲಿ ಶೋಧಿಸಿದ ಬಳಿಕವೇ ಬಳಸುವುದು ಕ್ಷೇಮ.